ಬಿಡುವಿನ ಅವಧಿಯಲ್ಲಿ ಉತ್ತರ ಪತ್ರಿಕೆ ತಿದ್ದುವುದು: ನನ್ನ ಅನುಭವ

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನನಗೆ ಪಾಠಕ್ಕಿಂತ ಹೆಚ್ಚು ಏಕಾಗ್ರತೆ ಬೇಡುವ ಕೆಲಸವೆಂದರೆ ಉತ್ತರ ಪತ್ರಿಕೆಗಳನ್ನು ತಿದ್ದುವುದು. ತರಗತಿಯಲ್ಲಿ ಎದುರಿಗೆ ಕುಳಿತ ಮಕ್ಕಳೇ ನಮ್ಮ ಗಮನವನ್ನು ಹಿಡಿದಿಡುತ್ತಾರೆ. ಸಿಬ್ಬಂದಿ ಕೊಠಡಿಯಲ್ಲಿ ಅಂಥ ಆಸರೆ ಇರುವುದಿಲ್ಲ. ದಾಖಲಾತಿಯ ಅಂಕಿಅಂಶ ಕೇಳುವ ವಾಟ್ಸಾಪ್ ಸಂದೇಶ, ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಬಂದ ಪೋಷಕರು, ರಜೆಯಲ್ಲಿರುವ ಸಹೋದ್ಯೋಗಿಯ ತರಗತಿ, ಎಲ್ಲವೂ 40 ನಿಮಿಷದ ಬಿಡುವಿನ ಅವಧಿಯಲ್ಲೇ ಬಂದು ನಿಲ್ಲುತ್ತವೆ. ಇವುಗಳಲ್ಲಿ ಯಾವುದನ್ನೂ ನಾನು ಅನಗತ್ಯವೆನ್ನಲಾರೆ. ಆದ್ದರಿಂದ ನಡುವೆ ಎದ್ದು ಹೋಗಿ ಬಂದರೂ ಕೆಡದಂತೆ ಕೆಲಸವನ್ನು ಜೋಡಿಸಿಕೊಳ್ಳುವ ಬಗೆಯನ್ನು ಹುಡುಕಿಕೊಂಡೆ.

ಒಬ್ಬ ವಿದ್ಯಾರ್ಥಿಯ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿ ಮುಂದಿನದನ್ನು ತೆಗೆದುಕೊಳ್ಳುವ ರೂಢಿಯನ್ನು ಬಿಟ್ಟು, ಈಗ ಪ್ರಶ್ನೆಯ ಕ್ರಮದಲ್ಲಿ ತಿದ್ದುತ್ತೇನೆ. ಸಮೀಪದೃಷ್ಟಿಯ ಕುರಿತು ಮೂರು ಅಂಕದ ಪ್ರಶ್ನೆಯಿದ್ದರೆ, ದೋಷದ ಕಾರಣಕ್ಕೆ ಒಂದು, ನಿಮ್ನ ಮಸೂರದಿಂದ ಸರಿಪಡಿಸುವ ವಿವರಣೆಗೆ ಒಂದು, ಚಿತ್ರಕ್ಕೆ ಒಂದು ಎಂದು ಮೊದಲೇ ಬರೆದಿಟ್ಟುಕೊಂಡು, ಇಡೀ ತರಗತಿಯ ಆ ಒಂದು ಉತ್ತರವನ್ನು ಒಟ್ಟಿಗೆ ನೋಡಿ ಮುಗಿಸುತ್ತೇನೆ. ಅಳತೆಗೋಲು ಒಂದೇ ಆಗಿರುವುದರಿಂದ ಮನಸ್ಸು ಪ್ರತಿ ಪುಟದಲ್ಲೂ ಹೊಸ ವಿಷಯಕ್ಕೆ ಹೊರಳಬೇಕಾಗುವುದಿಲ್ಲ, ಮೊದಲ ಮಗುವಿಗೂ ಕೊನೆಯ ಮಗುವಿಗೂ ಒಂದೇ ನ್ಯಾಯ ಸಿಗುತ್ತದೆ. ಬಹಳ ಮಕ್ಕಳು ಕಿರಣಗಳನ್ನು ರೆಟಿನಾದ ಮುಂದೆ ಸೇರಿಸುವ ಬದಲು ಹಿಂದೆ ಸೇರಿಸಿ ಚಿತ್ರ ಬರೆದಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ, ಮರುದಿನ ಯಾವುದನ್ನು ಮತ್ತೆ ಪಾಠ ಮಾಡಬೇಕೆಂಬುದು ತಿಳಿಯುತ್ತದೆ. ಹೀಗೆ ತಿದ್ದುವಾಗ ಒಟ್ಟು ಅಂಕ ಕೂಡುವುದನ್ನು ಕೊನೆಗೆ ಪ್ರತ್ಯೇಕವಾಗಿ, ನಿಧಾನವಾಗಿ ಮಾಡಬೇಕು.

ನಡುವೆ ಏಳಬೇಕಾದಾಗ, ಎಷ್ಟೇ ಅವಸರವಿರಲಿ, ಒಂದು ಚೀಟಿಯಲ್ಲಿ ನಿಲ್ಲಿಸಿದ ಜಾಗವನ್ನೂ ಮರಳಿ ಬಂದು ಮಾಡಬೇಕಾದ ಮೊದಲ ಕೆಲಸವನ್ನೂ ಬರೆದೇ ಏಳುತ್ತೇನೆ. ಅರ್ಧಕ್ಕೆ ಬಿಟ್ಟ ಕೆಲಸದ ಯೋಚನೆ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಇಂಥ ಸಣ್ಣ ಟಿಪ್ಪಣಿ ಆ ಭಾರವನ್ನು ಇಳಿಸುತ್ತದೆಂದು ಅವರೇ ಸಹ ಸಂಶೋಧಕಿ ಥೆರೆಸಾ ಗ್ಲಾಂಬ್ ಜೊತೆಗೂಡಿ 2018ರಲ್ಲಿ ಬರೆದರು. ಚೀಟಿ ಬರೆದಿಟ್ಟ ದಿನ ಪೋಷಕರ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ ಎಂಬುದು ನನಗೆ ಅದರ ದೊಡ್ಡ ಲಾಭ.

ಫೋನಿನ ವಿಷಯದಲ್ಲಿ ಗುಂಪುಗಳ ಸದ್ದನ್ನೆಲ್ಲ ನಿಲ್ಲಿಸಿ, ಪ್ರಾರ್ಥನೆಗೆ ಮೊದಲು, ಬಿಸಿಯೂಟದ ನಂತರ ಮತ್ತು ಕೊನೆಯ ಗಂಟೆಯಾದ ಮೇಲೆ ಸಂದೇಶ ನೋಡುತ್ತೇನೆ. ತುರ್ತಾದರೆ ಕರೆ ಮಾಡಬೇಕೆಂದು ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದೇನೆ. ಈ ಮಾತುಕತೆಯಿಲ್ಲದೆ ಫೋನ್ ಮೌನವಾಗಿಟ್ಟರೆ ಅದು ಉದಾಸೀನವಾಗಿ ಕಾಣುವ ಸಾಧ್ಯತೆಯಿದೆ. ಕೇಳುವ ಮಾಹಿತಿ ಬಹುಪಾಲು ಅದೇ ಆಗಿರುವುದರಿಂದ ತರಗತಿವಾರು ದಾಖಲಾತಿ, ವರ್ಗವಾರು ಸಂಖ್ಯೆ, ಅಕ್ಕಿ ಮತ್ತು ಹಾಲಿನ ಪುಡಿಯ ದಾಸ್ತಾನನ್ನು ಒಂದೇ ಪುಟದಲ್ಲಿ ಬರೆದು ಆಗಾಗ ತಿದ್ದಿಕೊಳ್ಳುತ್ತೇನೆ. ಇದರಿಂದ ಹಾಜರಿ ಪುಸ್ತಕಗಳನ್ನು ಹರಡಿಕೊಂಡು ಕೂರುವ ಕೆಲಸ ತಪ್ಪಿತು.

ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ, 25 ನಿಮಿಷ ದುಡಿದು ಐದು ನಿಮಿಷ ವಿರಮಿಸುವ ಪೊಮೊಡೊರೊ ಕ್ರಮವನ್ನು ಶಾಲೆಯಲ್ಲಿ ಅನುಸರಿಸುವುದು ಕಷ್ಟ, ಏಕೆಂದರೆ ನಮ್ಮ ಸಮಯವನ್ನು ಗಂಟೆಯೇ ಆಳುತ್ತದೆ. ಮನೆಯಲ್ಲಿ ಪಾಠ ಯೋಜನೆ ಬರೆಯುವಾಗ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ.

ಸಂದೇಹ ಕೇಳಲು ಬರುವ ಮಕ್ಕಳನ್ನು ನಾನು ಅಡಚಣೆಯ ಪಟ್ಟಿಗೆ ಸೇರಿಸಿಲ್ಲ. ತಿದ್ದುತ್ತಿರುವ ಪ್ರಶ್ನೆಯ ಬಗ್ಗೆಯೇ ಒಬ್ಬಳು ಬಂದರೆ ಅವಳ ಉತ್ತರವನ್ನೇ ಎದುರಿಗಿಟ್ಟು ವಿವರಿಸುತ್ತೇನೆ. ಬೇರೆ ಪಾಠದ ಸಂದೇಹವಾದರೆ ಚೀಟಿಯ ಹಿಂಬದಿಯಲ್ಲಿ ಅವಳ ಹೆಸರು ಬರೆದುಕೊಂಡು, ಊಟದ ವಿರಾಮದಲ್ಲಿ ನಾನೇ ಅವಳಿದ್ದಲ್ಲಿಗೆ ಹೋಗುತ್ತೇನೆ.