ನಮ್ಮ ತಪ್ಪುಗಳ ಪಟ್ಟಿ ಕೊಟ್ಟು ಜಪಾನಿನ ಆರ್ಡರ್ ಪಡೆದೆ

ಪೀಣ್ಯದಲ್ಲಿ ನನ್ನದು ಕಂಪ್ಯೂಟರ್ ನಡೆಸುವ ಐದು ಸಿಎನ್‌ಸಿ ಯಂತ್ರಗಳ ಶೆಡ್. ಹೈಡ್ರಾಲಿಕ್ ವಾಲ್ವಿನೊಳಗೆ ಕೂರುವ ಬುಷ್ ಎಂಬ ಲೋಹದ ಕೊಳವೆ ಮಾಡುತ್ತೇವೆ. ಜಪಾನಿನ ಆರ್ಡರ್ ನಿನಗೆ ದಕ್ಕುವುದಿಲ್ಲ ಎಂದವರೇ ಈಗ ಬಂದು ನನ್ನ ಕಡತ ನೋಡಿ ಹೋಗುತ್ತಾರೆ.

ಮೊದಲ ಸಲ ಕೆಟ್ಟದ್ದು ಒಂದೇ ಮಾತಿನಿಂದ. ಇನ್ನೂರು ಸ್ಯಾಂಪಲ್‌ಗಳೂ ಅಳತೆಯೊಳಗಿದ್ದವು. ಜಪಾನಿನಿಂದ ಬಂದಿದ್ದ ಎಂಜಿನಿಯರ್ ಪೆನ್ಸಿಲ್ ಹಿಡಿದು ಕೇಳಿದರು: "ನಡುವೆ ಕರೆಂಟ್ ಹೋದರೆ ಯಂತ್ರದ ಚಕ್ಕು ಹಿಡಿದಿರುವ ತುಂಡನ್ನು ಏನು ಮಾಡುತ್ತೀರಿ?" "ಏನೂ ತೊಂದರೆಯಿಲ್ಲ ಸರ್, ನೋಡಿಕೊಳ್ಳುತ್ತೇವೆ" ಎಂದೆ. ಮತ್ತೆರಡು ಸಲ ಅದನ್ನೇ ಕೇಳಿದರು, ನಾನೂ ಅದನ್ನೇ ಹೇಳಿದೆ. ಅವರ ಪುಸ್ತಕದಲ್ಲಿ ಆ ಪ್ರಶ್ನೆಯ ಮುಂದಿನ ಜಾಗ ಖಾಲಿಯೇ ಉಳಿಯಿತು. ಗೇಜು, ಸ್ಯಾಂಪಲ್, ವಿಮಾನದ ಬಾಡಿಗೆ ಸೇರಿ ನಾಲ್ಕು ಲಕ್ಷದ ಹತ್ತಿರ ಹೋಯಿತು.

ಐಬಿಎಂ ನೌಕರರ ಸಮೀಕ್ಷೆಯಿಂದ ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್ ಕಟ್ಟಿದ ಸೂಚ್ಯಂಕವೊಂದಿದೆ. ಮುಂದೇನಾಗುವುದೋ ತಿಳಿಯದ ಸ್ಥಿತಿ ಯಾವ ದೇಶದವರಿಗೆ ಎಷ್ಟು ಕಸಿವಿಸಿ ತರುತ್ತದೆ ಎಂಬುದರ ಅಂಕಿ: ಜಪಾನ್ 92, ಜರ್ಮನಿ 65, ಅಮೆರಿಕ 46, ಭಾರತ 40, ಡೆನ್ಮಾರ್ಕ್ 23. ಇದನ್ನು ಹೆದರುಪುಕ್ಕಲುತನದ ಅಳತೆ ಎಂದುಕೊಂಡರೆ ಕೆಟ್ಟಿರಿ. ನನ್ನ ಗ್ರಾಹಕರು ಲೆಕ್ಕಕ್ಕೆ ಸಿಕ್ಕ ನಷ್ಟವನ್ನು ಒಪ್ಪುತ್ತಾರೆ. ಉತ್ತರವಿಲ್ಲದ ಪ್ರಶ್ನೆಯನ್ನು ಮಾತ್ರ ಒಪ್ಪುವುದಿಲ್ಲ. "ಬಂದಾಗ ನೋಡೋಣ" ಎಂಬುದು ನಮಗೆ ಧೈರ್ಯದ ಮಾತು, ಅವರಿಗೆ ಅದು ಉತ್ತರವೇ ಅಲ್ಲ.

ಎರಡನೆಯ ಸಲ ಮೂರು ವರ್ಷದ ರಿಜೆಕ್ಷನ್ ಪುಸ್ತಕ ತೆರೆದು ಕುಳಿತೆ. ಎಲ್ಲಿ ಏನು ತಪ್ಪಬಹುದು, ತಪ್ಪಿದರೆ ಏನು ಮಾಡಬೇಕು ಎಂದು ಬರೆಯುವ ಎಫ್‌ಎಂಇಎ ಹಾಳೆಯನ್ನು ನಾವೆಲ್ಲ ಆಡಿಟ್‌ಗೆಂದು ತುಂಬುತ್ತೇವೆ, ಅದನ್ನೇ ಈ ಬಾರಿ ನಿಜವಾಗಿ ತುಂಬಿದೆ. ಅರವತ್ತು ಸಾಲು ಬಂದಿರಬೇಕು. ಕರೆಂಟ್ ಹೋದರೆ ಚಕ್ಕಿನಲ್ಲಿದ್ದ ತುಂಡು ಕೆಂಪು ಡಬ್ಬಿಗೆ, ಅದರ ಹಿಂದಿನ ಐದು ತುಂಡು ಮತ್ತೆ ಅಳತೆಗೆ, ಕಳೆದ ವರ್ಷ ಹೀಗಾದದ್ದು ಇಷ್ಟು ಸಲ. ಪಾಲುದಾರನಾದ ಭಾವ ತಲೆ ಚಚ್ಚಿಕೊಂಡರು: "ನಮ್ಮ ಹುಳುಕನ್ನು ನಾವೇ ಡಂಗುರ ಸಾರುವುದೇ?" ಯಾವ ತಪ್ಪನ್ನು ಮೊದಲ ಸಾಲಿಗೆ ಇಡಬೇಕು ಎಂಬುದರಲ್ಲಿ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬಿಟ್ಟುಕೊಡಲಾರೆ.

ಹಾಳೆ ಜಪಾನಿಗೆ ಹೋಯಿತು. ಆಮೇಲೆ ಹನ್ನೊಂದು ತಿಂಗಳು ಆರ್ಡರಿನ ಸುದ್ದಿಯೇ ಇಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಮಾತ್ರ ತಪ್ಪದೆ ಬರುತ್ತಿತ್ತು. ಈ ತಡದ ಹಿಂದಿನ ಕೆಲಸಕ್ಕೆ ಜಪಾನಿನಲ್ಲಿ ನೆಮವಾಶಿ ಎನ್ನುತ್ತಾರೆ. ಗಿಡ ಕಿತ್ತು ನೆಡುವ ಮೊದಲು ಬೇರಿನ ಸುತ್ತಲಿನ ಮಣ್ಣು ಬಿಡಿಸಿಕೊಳ್ಳುವ ಕೆಲಸ ಎಂದರ್ಥ. ತೀರ್ಮಾನಕ್ಕೆ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರ ಒಪ್ಪಿಗೆ ಪಡೆಯುತ್ತಾ ಹೋಗುತ್ತಾರೆ. ಈ ನಡುವೆ ಬಂದ ಪ್ರಶ್ನೆಗಳೆಲ್ಲ ಬೇರೆ ಬೇರೆ ವಿಭಾಗದವು. ನನ್ನ ಹಾಳೆ ಕೈಯಿಂದ ಕೈಗೆ ಹೋಗುತ್ತಿದೆ ಎಂದು ಅದರಿಂದಲೇ ತಿಳಿಯಿತು.

ಅದೇ ಹಾಳೆಯನ್ನು ಪರೀಕ್ಷೆಗೆಂದು ಅಮೆರಿಕದ ಗ್ರಾಹಕರೊಬ್ಬರಿಗೂ ಕಳಿಸಿದೆ. ನಿಮ್ಮಲ್ಲಿ ಇಷ್ಟು ಸಮಸ್ಯೆಯೇ ಎಂದು ಆರ್ಡರನ್ನೇ ತಡೆಹಿಡಿದರು. ಡೆನ್ಮಾರ್ಕಿನವರು ಓದಲೇ ಇಲ್ಲ, ಏನಾದರೂ ಆದರೆ ಫೋನ್ ಮಾಡಿ ಎಂದರು. ಈಗ ಅವರಿಬ್ಬರಿಗೂ ಒಂದೇ ಪುಟ, ಬೆಲೆ ಮತ್ತು ದಿನಾಂಕ.

ಜಪಾನಿಗೆ ತಿಂಗಳಿಗೆ ಎಂಟು ಸಾವಿರ ಬುಷ್ ಹೋಗುತ್ತಿವೆ. ಮೊನ್ನೆ ಮಳೆಗೆ ಕರೆಂಟ್ ಹೋಯಿತು, ಜನರೇಟರ್ ತಡವಾಗಿ ಹತ್ತಿಕೊಂಡಿತು. ಸಂಜೆಯೇ ವಿಷಯ ಬರೆದು ಕಳಿಸಿದೆ. ಬೆಳಿಗ್ಗೆ ಬಂದ ಉತ್ತರ ಒಂದೇ ಸಾಲು: "ಹಾಳೆಯ 14ನೆಯ ಸಾಲಿನಂತೆ ಮಾಡಿದ್ದೀರಿ ತಾನೆ?" ಕೆಂಪು ಡಬ್ಬಿಯ ಫೋಟೊ ಕಳಿಸಿದೆ.