ಕಾರು ಕಣಿವೆಯಲ್ಲಿರಲಿ, ಸೈಕಲ್ ಗುಡ್ಡ ಹತ್ತಲಿ

ಫ್ರಾನ್ಸಿನಲ್ಲಿ ಕಾರಿಲ್ಲದ ರಸ್ತೆ ಬೇಕು ಅಂದ್ರೆ ಗುಡ್ಡ ಹತ್ತಬೇಕು. ಕೆಲಸದ ಮೇಲೆ ತುಲೂಸ್‌ಗೆ ಬಂದು, ರಜೆ ಸಿಕ್ಕಾಗಲೆಲ್ಲ ಇಲ್ಲಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು. ದೊಡ್ಡ ರಸ್ತೆಗಳು ನದಿ ಪಕ್ಕದಲ್ಲಿ, ಕಣಿವೆಯ ತಳದಲ್ಲಿ ಹೋಗುತ್ತವೆ. ಲಾರಿ, ಬಸ್ಸು, ಕ್ಯಾಂಪರ್ ವ್ಯಾನ್ ಎಲ್ಲ ಅಲ್ಲೇ. ಅದೇ ಎರಡು ಊರಿನ ನಡುವೆ ಗುಡ್ಡದ ಮೇಲಿಂದ ಹೋಗುವ ಇನ್ನೊಂದು ಸಣ್ಣ ರಸ್ತೆ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಅದು ಸುತ್ತು, ಏರು, ಕಿರಿದು. ಅದಕ್ಕೇ ಖಾಲಿ.

ಇಂಥ ರಸ್ತೆಗಳಿಗೂ ಡಾಂಬರು ಬಿದ್ದಿರುವುದಕ್ಕೆ ಕಾರಣ ಇದೆ. ಫ್ರಾನ್ಸಿನಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ. ನೂರು ಜನ ಇರುವ ಹಳ್ಳಿಗೂ ತನ್ನದೇ ಮೇಯರ್, ತನ್ನದೇ ಕಚೇರಿ. ಊರಿನ ಸುತ್ತಲಿನ, ತೋಟದ ಮನೆಗಳಿಗೆ ಹೋಗುವ ರಸ್ತೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಅದಕ್ಕಿಂತ ಮೇಲಿನವು ಜಿಲ್ಲೆಯ ರಸ್ತೆಗಳು, ನಂಬರಿನ ಮುಂದೆ ಡಿ ಅಂತ ಇರುತ್ತದೆ. ದೇಶದಲ್ಲಿ 10 ಲಕ್ಷ ಕಿ.ಮೀ.ಗೂ ಜಾಸ್ತಿ ರಸ್ತೆ ಇದೆ. ಅದರಲ್ಲಿ ಬಹುಪಾಲು ಈ ಎರಡು ಬಗೆಯವೇ.

ದಾರಿ ಹುಡುಕುವುದಕ್ಕೆ ನಾನು ಮೊದಲು ಬಿಡಿಸುವುದು ಮಿಶೆಲಿನ್ ಕಾಗದದ ಮ್ಯಾಪ್. ಅದರಲ್ಲಿ ಮುಖ್ಯ ರಸ್ತೆ ಕೆಂಪು, ಅದಕ್ಕಿಂತ ಸಣ್ಣದು ಹಳದಿ, ಅದಕ್ಕೂ ಸಣ್ಣದು ಬಿಳಿ. ನನಗೆ ಬೇಕಾದ್ದು ಬಿಳಿ. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಡೋಕೆ ಚೆನ್ನಾಗಿರುವ ರಸ್ತೆ ಅಂತ ಅರ್ಥ. ರಸ್ತೆಯ ಮೇಲೆ ಸಣ್ಣ ಬಾಣದ ಗುರುತುಗಳೂ ಇರುತ್ತವೆ, ಏರುವ ದಿಕ್ಕಿಗೆ ಮುಖ ಮಾಡಿ. ಒಂದು ಬಾಣ ಅಂದ್ರೆ 5ರಿಂದ 9 ಪರ್ಸೆಂಟ್ ಏರು, ಎರಡು ಅಂದ್ರೆ 9ರಿಂದ 13, ಮೂರು ಅಂದ್ರೆ ಅದಕ್ಕೂ ಮೇಲೆ. ಸಾಮಾನು ಕಟ್ಟಿಕೊಂಡು ಮೂರು ಬಾಣದ ರಸ್ತೆಗೆ ನಾನು ಹೋಗುವುದಿಲ್ಲ. ಒಂದು ಬಾಣ ಕಂಡರೆ ಖುಷಿಯಿಂದ ಹೋಗುತ್ತೇನೆ. ಮೊಬೈಲ್ ಆ್ಯಪ್ ಆಮೇಲೆ, ಗುರುತು ಮಾಡಿಕೊಂಡ ದಾರಿಯಲ್ಲಿ ತಿರುವು ತಪ್ಪದಿರಲಿ ಅಂತ ಮಾತ್ರ. ಮೊದಲೇ ಆ್ಯಪ್ ಕೈಗೆ ಕೊಟ್ಟರೆ ಅದು ಹತ್ತಿರದ ದಾರಿ ಹುಡುಕುತ್ತದೆ. ನಮಗೆ ಬೇಕಿರುವುದು ಹತ್ತಿರದ್ದಲ್ಲ, ಅಲ್ವಾ?

ನನಗೆ ತುಂಬಾ ಇಷ್ಟದ ಜಾಗ ಲೊಜೇರ್, ದಕ್ಷಿಣ ಫ್ರಾನ್ಸಿನ ಬೆಟ್ಟದ ಜಿಲ್ಲೆ. ಇಡೀ ಫ್ರಾನ್ಸಿನಲ್ಲಿ ಅತಿ ಕಡಿಮೆ ಜನ ಇರುವ ಜಿಲ್ಲೆ ಇದೇ. ನಮ್ಮ ಕೊಡಗಿಗಿಂತ ದೊಡ್ಡದು, ಸುಮಾರು 5,170 ಚದರ ಕಿ.ಮೀ. ಜನ ಮಾತ್ರ 76,000ದ ಆಸುಪಾಸು. ಕೊಡಗಿನಲ್ಲಿ 2011ರ ಜನಗಣತಿಗೇ ಐದೂವರೆ ಲಕ್ಷ ಇತ್ತು. ಒಂದು ಕಡೆ ಸೆವೆನ್ ಬೆಟ್ಟಗಳು, ಚೆಸ್ಟ್‌ನಟ್ ಮರದ ಕಾಡು. ಇನ್ನೊಂದು ಕಡೆ ಕೋಸ್ ಅನ್ನುವ ಸುಣ್ಣಕಲ್ಲಿನ ಪ್ರಸ್ಥಭೂಮಿಗಳು. ನಡುವೆ ತಾರ್ನ್, ಜೋಂತ್ ನದಿಗಳು ಕೊರೆದ ಆಳದ ಕಮರಿಗಳು. ಕೋಸ್ ಮತ್ತು ಸೆವೆನ್ ಎರಡನ್ನೂ ಸೇರಿಸಿ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಕುರಿ ಮೇಯಿಸುವವರ ಬದುಕು ಈ ನೆಲವನ್ನು ರೂಪಿಸಿದ್ದಕ್ಕೆ ಸಿಕ್ಕ ಮನ್ನಣೆ ಅದು.

ತಾರ್ನ್ ಕಮರಿಯ ತಳದ ರಸ್ತೆ ಬಲು ಚೆಂದ. ಆದರೆ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ದೋಣಿ ಎಳೆದುಕೊಂಡು ಹೋಗುವ ವ್ಯಾನುಗಳ ಸಾಲು ನಿಲ್ಲುವುದೇ ಇಲ್ಲ. ಹಾಗಾಗಿ ನಾನು ಫ್ಲೊರಾಕ್ ಊರಿನಿಂದ ಕೋಸ್ ಮೆಜಾನ್ ಕಡೆ ಹತ್ತುತ್ತೇನೆ. ಫ್ಲೊರಾಕ್ 550 ಮೀಟರ್ ಎತ್ತರದಲ್ಲಿದೆ, ಮೇಲಿನ ಬಯಲು ಸುಮಾರು 1,000 ಮೀಟರ್. ಬಂಡೆಗೆ ಅಂಟಿಕೊಂಡ ಹಾಗೆ ರಸ್ತೆ ತಿರುವು ಮೇಲೆ ತಿರುವು ತೆಗೆದುಕೊಳ್ಳುತ್ತದೆ. ಕೆಳಗಿನ ಊರಿನ ಸದ್ದು ಒಂದೊಂದು ತಿರುವಿಗೂ ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಚೈನಿನ ಸದ್ದು, ಉಸಿರಿನ ಸದ್ದು ಇಷ್ಟೇ ಉಳಿಯುತ್ತದೆ.

ಮೇಲೆ ಹೋದರೆ ಬಯಲೋ ಬಯಲು. ಚದರ ಕಿ.ಮೀ.ಗೆ ಇಬ್ಬರು ಕೂಡ ಸಿಗುವುದಿಲ್ಲ. ಜೂನ್‌ನಲ್ಲಿ ರೇಷ್ಮೆ ಎಳೆಯಂಥ ಬೆಳ್ಳಿ ಬಣ್ಣದ ಹುಲ್ಲು ಗಾಳಿಗೆ ಒಂದೇ ಕಡೆ ವಾಲುತ್ತಿರುತ್ತದೆ. ಮೈಸೂರಿನಿಂದ ಬಂದಿದ್ದ ನನ್ನ ತಮ್ಮ ಸೈಕಲ್ ನಿಲ್ಲಿಸಿ ಸುತ್ತ ನೋಡಿ, ‘ಅಣ್ಣಾ, ಇಲ್ಲಿ ಯಾರೂ ವಾಸನೇ ಮಾಡಲ್ವಾ?’ ಅಂತ ಕೇಳಿದ. ‘ಮಾಡ್ತಾರೆ, ಮುಂದಿನ ಹಳ್ಳಿಯಲ್ಲಿ ನಾಲ್ಕು ಮನೆ ಇದೆ ನೋಡು’ ಅಂದೆ. ಲೆ ವಿಲ್ಲಾರೆ ಅನ್ನುವ ಜಾಗದಲ್ಲಿ ಪ್ರಿಜ್ವಾಲ್‌ಸ್ಕಿ ಕಾಡು ಕುದುರೆಗಳು ರಸ್ತೆಯಿಂದಲೇ ಕಾಣುತ್ತವೆ. 1993ರಲ್ಲಿ ಮೃಗಾಲಯಗಳಿಂದ ತಂದು ಇಲ್ಲಿ ಬಿಟ್ಟು, ಬಯಲಿನ ಬದುಕು ರೂಢಿಯಾದ ಮೇಲೆ ಕೆಲವನ್ನು ಮಂಗೋಲಿಯಾಕ್ಕೆ ಕಳಿಸಿದರು. ಜೋಂತ್ ಕಮರಿಯ ಅಂಚಿಗೆ ಬಂದರೆ ರಣಹದ್ದುಗಳು. ಇಲ್ಲಿಂದ ಪೂರ್ತಿ ಕಾಣೆಯಾಗಿದ್ದ ಅವುಗಳನ್ನು 1980ರ ದಶಕದಲ್ಲಿ ಮತ್ತೆ ತಂದು ಬಿಟ್ಟರು. ಅಂಚಿನಲ್ಲಿ ನಿಂತರೆ ಅವು ನಮಗಿಂತ ಕೆಳಗೆ ಹಾರುತ್ತಿರುತ್ತವೆ, ಬೆನ್ನಿನ ಗರಿ ಕಾಣುವಷ್ಟು ಹತ್ತಿರ.

ಕೋಸ್ ಮೇಲೆ ಎಚ್ಚರ ಬೇಕಿರುವುದು ನೀರಿನ ವಿಷಯದಲ್ಲಿ. ಸುಣ್ಣಕಲ್ಲು ಬಿದ್ದ ಮಳೆಯನ್ನೆಲ್ಲ ಒಳಗೆ ಎಳೆದುಕೊಂಡುಬಿಡುತ್ತದೆ. ಮೇಲೆ ಹಳ್ಳ ಇಲ್ಲ, ತೊರೆ ಇಲ್ಲ. ಕುರಿಗಳಿಗೆ ಅಂತ ಕಲ್ಲು ಹಾಸಿ ತಟ್ಟೆಯ ಹಾಗೆ ಕಟ್ಟಿದ ದುಂಡನೆಯ ಹೊಂಡಗಳಿವೆ, ಲವೊಞ್ ಅನ್ನುತ್ತಾರೆ. ಒಂದು ಪಕ್ಕ ಇಳಿಜಾರು ಇರುತ್ತದೆ, ಕುರಿ ನಡೆದುಕೊಂಡು ಇಳಿದು ಕುಡಿಯಲಿ ಅಂತ. ನೋಡೋಕೆ ಚೆಂದ, ನಾವು ಕುಡಿಯೋಕಲ್ಲ. ನಾನು ಮೂರು ಲೀಟರ್ ತುಂಬಿಕೊಂಡೇ ಹತ್ತುತ್ತೇನೆ. ಫ್ರಾನ್ಸಿನ ಹಳ್ಳಿಗಳಲ್ಲಿ ನೀರು ಬೇಕಾದರೆ ಸ್ಮಶಾನಕ್ಕೆ ಹೋಗಿ. ಸಮಾಧಿಯ ಹೂಗಿಡಗಳಿಗೆ ಅಂತ ಅಲ್ಲಿ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ. ಕುಡಿಯುವ ನೀರಲ್ಲ ಅಂತ ಬೋರ್ಡ್ ಇಲ್ಲ ಅನ್ನುವುದನ್ನು ನೋಡಿಕೊಂಡು, ಗೇಟು ಮತ್ತೆ ಮುಚ್ಚಿ ಬನ್ನಿ.

ಇನ್ನು ಗೇರ್. ಸೈಕಲ್ ಹಗುರ ಇರಲಿ ಅಂತ ದುಡ್ಡು ಸುರಿಯುವ ಬದಲು ಸಣ್ಣ ಗೇರ್ ಹಾಕಿಸಿಕೊಳ್ಳಿ. ನನ್ನದರಲ್ಲಿ ಮುಂದೆ 30 ಹಲ್ಲು, ಹಿಂದೆ 36. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಹೋಗುವುದು 1.8 ಮೀಟರ್ ಮಾತ್ರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿ.ಮೀ. ವೇಗ. ಮಂಡಿಗೆ ನೋವಿಲ್ಲ, ಮಾತಾಡಿಕೊಂಡು ಹತ್ತಬಹುದು. ಇದನ್ನು ಬಾಯಿ ಬಿಟ್ಟು ಸಾರಿದವರು ವೆಲೋಸಿಯೋ ಅಂತ ಹೆಸರಾದ ಪೌಲ್ ದ ವಿವಿ (1853–1930). ಸೇಂತ್-ಎತಿಯೆನ್ ಊರಿನ ಆ ಮನುಷ್ಯ ಗುಡ್ಡಕ್ಕೆ ಗೇರ್ ಬೇಕೇ ಬೇಕು ಅಂತ ಜೀವನವಿಡೀ ವಾದ ಮಾಡಿದರು. ಟೂರ್ ದ ಫ್ರಾನ್ಸ್‌ನವರು ಗೇರ್ ಬದಲಿಸುವ ಡಿರೇಲರ್‌ಗೆ ಒಪ್ಪಿದ್ದು 1937ರಲ್ಲಿ, ಅವರು ಸತ್ತ ಮೇಲೆ. ಇಲ್ಲಿನ ಏರಿನಲ್ಲಿ ಆರಾಮಾಗಿ ಕೂತು ತುಳಿಯುವಾಗ ಅವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ.

ಇಳಿಯುವಾಗ ಕಣ್ಣು ರಸ್ತೆಯ ಮೇಲಿರಲಿ. ಬೇಸಿಗೆಯಲ್ಲಿ ಸಣ್ಣ ರಸ್ತೆಗಳಿಗೆ ಟಾರು ಬಳಿದು ಮೇಲೆ ಜಲ್ಲಿ ಚೆಲ್ಲಿ ಬಿಟ್ಟಿರುತ್ತಾರೆ. ತಿರುವಿನ ಹೊರ ಅಂಚಿನಲ್ಲಿ ಅದು ರಾಶಿಯಾಗುತ್ತದೆ. ‘ಗ್ರಾವಿಯೋಂ’ ಅಂತ ಬೋರ್ಡ್ ಕಂಡ ಕೂಡಲೇ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ನಾನು 35 ಮಿ.ಮೀ. ಟೈರ್ ಹಾಕಿರುವುದು ಇದಕ್ಕೇ.

ಏರು ಬೇಡ, ಮಕ್ಕಳಿದ್ದಾರೆ ಅನ್ನುವವರಿಗೆ ಹಳೇ ರೈಲು ದಾರಿಗಳಿವೆ. ಹಳಿ ತೆಗೆದು ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಟ್ಟ ಇವುಗಳಿಗೆ ವುವಾ ವೆರ್ತ್ ಅನ್ನುತ್ತಾರೆ. ಆರ್ದೆಷ್ ಜಿಲ್ಲೆಯ ಎರಿಯೂ ಕಣಿವೆಯಲ್ಲಿರುವ ದೊಲ್ಚೆ ವಿಯಾ ನನ್ನ ಮೆಚ್ಚಿನದು. 1968ರಲ್ಲಿ ನಿಂತುಹೋದ ಸಣ್ಣ ಹಳಿಯ ರೈಲಿನ ದಾರಿ ಅದು. ಸೇತುವೆ, ಸುರಂಗ, ಹಳೇ ಸ್ಟೇಷನ್ ಕಟ್ಟಡ ಎಲ್ಲ ಹಾಗೇ ಇವೆ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಸುತ್ತ ಗುಡ್ಡವಿದ್ದರೂ ದಾರಿ ಮೆತ್ತಗೆ ಏರುತ್ತದೆ. ಮಣ್ಣಿನ ದಾರಿ, ಸಣ್ಣ ಟೈರಿಗೆ ಅಷ್ಟು ಹಿತವಲ್ಲ.

ಊಟದ್ದು ಮೊದಲೇ ಯೋಚಿಸಿ. ಹಳ್ಳಿ ಅಂಗಡಿಗಳು ಮಧ್ಯಾಹ್ನ 12ರಿಂದ ಎರಡು ಗಂಟೆ, ಕೆಲವು ಕಡೆ ಇನ್ನೂ ಜಾಸ್ತಿ ಹೊತ್ತು ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನ, ಸೋಮವಾರ ಬಹಳ ಕಡೆ ಬಾಗಿಲು ಹಾಕಿರುತ್ತದೆ. ನಾನು ಬೆಳಿಗ್ಗೆಯೇ ಬ್ರೆಡ್, ಹಣ್ಣು ಕಟ್ಟಿಕೊಳ್ಳುತ್ತೇನೆ. ರಾತ್ರಿ ತಂಗುವುದು ಗೀತ್ ದೆತಾಪ್ ಅನ್ನುವ ತಂಗುಮನೆಗಳಲ್ಲಿ. ಅಲ್ಲಿ ಹೆಚ್ಚಿನ ಕಡೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ ಇರುತ್ತದೆ. ಅವಲಕ್ಕಿ, ಪುಳಿಯೋಗರೆ ಪುಡಿ ಬ್ಯಾಗಿನಲ್ಲಿದ್ದರೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ.

ಬರುವುದಕ್ಕೆ ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ಮೊದಲ ವಾರಗಳು ಒಳ್ಳೆಯವು. ಆಮೇಲೆ ಸೆವೆನ್ ಕಡೆ ಮೆಡಿಟರೇನಿಯನ್‌ನಿಂದ ತೇವದ ಗಾಳಿ ಬಂದು ಬೆಟ್ಟಕ್ಕೆ ಬಡಿದು, ಕೆಲವೇ ಗಂಟೆಯಲ್ಲಿ ಭಾರೀ ಮಳೆ ಸುರಿಯುವುದುಂಟು. ಹಳ್ಳಗಳು ನೋಡನೋಡುತ್ತಲೇ ಏರಿಬಿಡುತ್ತವೆ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಸೈಕಲ್ ಹೊರಗೆ ತೆಗೆಯಬೇಡಿ. ಜಿಲ್ಲಾ ಕೇಂದ್ರ ಮಾಂಡ್‌ಗೆ ಸಣ್ಣ ರೈಲು ಬರುತ್ತದೆ, ಅದರಲ್ಲಿ ಸೈಕಲ್ ತರಬಹುದು. ಹೊರಡುವ ಮುಂಚೆ ನಿಮ್ಮ ಹೊತ್ತಿಗೆ ಓಡುವುದು ರೈಲೋ, ಅದರ ಬದಲಿ ಬಸ್ಸೋ ಅಂತ ವಿಚಾರಿಸಿಕೊಳ್ಳಿ. ಬಸ್ಸಿನಲ್ಲಿ ಸೈಕಲ್ಲಿಗೆ ಜಾಗ ಸಿಗುವುದು ಖಾತ್ರಿ ಇಲ್ಲ.