ಚಿಕ್ಕಮಗಳೂರಿನ ಚಳಿಗೂ ನೀರಿಗೂ ಒಗ್ಗುವ ಮೀನುಗಳು: ನನ್ನ ಅನುಭವ

‘ಯಾವ ಮೀನಿನ ಜೊತೆ ಯಾವ ಮೀನು ಬಿಡಬಹುದು?’ ಅಕ್ವೇರಿಯಂ ಇಟ್ಟಿದ್ದೀನಿ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಯಾವುದು ಯಾವುದನ್ನು ಕಚ್ಚುತ್ತೆ ಅನ್ನುವುದಷ್ಟೇ ಅವರ ಚಿಂತೆ. ನಾನು ಮೀನು ಆರಿಸಲು ಹೊರಟಾಗ ಕಚ್ಚಾಟದ ವಿಚಾರವನ್ನು ಕೊನೆಗಿಟ್ಟುಕೊಂಡೆ. ಮೊದಲು ನೋಡಿದ್ದು ನಮ್ಮೂರಿನ ಚಳಿ, ಆಮೇಲೆ ನೀರು, ಆಮೇಲೆ ಕರೆಂಟು. ಈ ಮೂರನ್ನೂ ತಡೆದುಕೊಳ್ಳುವ ಮೀನುಗಳ ಪಟ್ಟಿ ಮಾಡಿಕೊಂಡು, ಅದರೊಳಗೆ ಒಂದಕ್ಕೊಂದು ಹೊಂದುವುದನ್ನು ಹುಡುಕಿದರೆ ಕೆಲಸ ಅರ್ಧ ಮುಗಿದ ಹಾಗೆ.

ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಡಿಸೆಂಬರ್-ಜನವರಿಯಲ್ಲಿ ನಮ್ಮ ಹಜಾರದ ಟ್ಯಾಂಕಿನ ನೀರು ಬೆಳಗಿನ ಜಾವ 19-20 ಡಿಗ್ರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ 26 ದಾಟುವುದು ಅಪರೂಪ. ಮಂಗಳೂರಿನಲ್ಲಿ ಹೀಟರ್ ಇಲ್ಲದೆ ಚೆನ್ನಾಗಿರುವ ಮೀನು ಇಲ್ಲಿ ಚಳಿಗೆ ಮುದುಡಿ ಮೂಲೆ ಸೇರುತ್ತದೆ. ‘ಹೀಟರ್ ಹಾಕಿದರಾಯ್ತಲ್ಲ’ ಅನ್ನಬಹುದು. ಹಾಕಬಹುದು, ಆದರೆ ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳುವವರು ಯಾರು? 28 ಡಿಗ್ರಿಗೆ ಕಡಿಮೆ ಇದ್ದರೆ ಸೊರಗುವ ಡಿಸ್ಕಸ್ ಮೀನನ್ನು ಹೀಟರ್ ನಂಬಿ ಮಲೆನಾಡಿನಲ್ಲಿ ಸಾಕುವುದು ಅದರ ಜೀವವನ್ನು ಒಂದು ವೈರಿಗೆ ನೇತುಹಾಕಿದ ಹಾಗೆ. ಅದಕ್ಕೇ ಹೀಟರ್ ಇಲ್ಲದೆ ಬದುಕುವ ಮೀನೇ ಬೇಕು ಅಂತ ಗಟ್ಟಿ ಮಾಡಿಕೊಂಡೆ. ಫಿಲ್ಟರ್ ನಿಂತಾಗ ನೀರಿಗೆ ಗಾಳಿ ಕೊಡಲು ಬ್ಯಾಟರಿಯ ಏರ್ ಪಂಪ್ ಒಂದು ಇದೆ, ಅಷ್ಟು ಸಾಕು.

ನೀರಿನದು ಬೇರೆಯದೇ ಕಥೆ. ನಮ್ಮಲ್ಲಿ ಒಂದು ಮನೆಗೆ ಯಗಚಿ ಹೊಳೆಯ ನೀರು ಬರುತ್ತದೆ, ಪಕ್ಕದ ಬೀದಿಯವರಿಗೆ ಬೋರ್‌ವೆಲ್ಲೇ ಗತಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ ನೋಡಿ. ಕಟ್ಟಿದರೆ ಅದು ಗಡಸು ನೀರು; ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದೇ ಇಷ್ಟ. ನಿಯಾನ್ ಟೆಟ್ರಾ ಹುಟ್ಟಿದ್ದು ಅಮೆಜಾನ್ ಕಾಡಿನ ಮೆದು ನೀರಿನಲ್ಲಿ. ಅಂಗಡಿಯಲ್ಲಿ ಮೋಲಿಯನ್ನೂ ನಿಯಾನನ್ನೂ ಒಂದೇ ಕವರಿಗೆ ಹಾಕಿ ಕೊಡುತ್ತಾರೆ. ಎರಡೂ ಸಾಧುವೇ, ಒಂದನ್ನೊಂದು ಮುಟ್ಟುವುದೂ ಇಲ್ಲ. ಆದರೂ ಒಂದೇ ನೀರಿನಲ್ಲಿ ಇಬ್ಬರಿಗೂ ಸುಖ ಇರುವುದಿಲ್ಲ. ಮೋಲಿಗೆ ಹುಷಾರಿಲ್ಲ ಅಂತ ನೀರಿಗೆ ಉಪ್ಪು ಹಾಕಿದರೆ ಅದು ಚೇತರಿಸಿಕೊಳ್ಳುತ್ತದೆ, ತಳದಲ್ಲಿರುವ ಕೋರಿಡೋರಸ್ (‘ಕೋರಿ’ ಅಂತ ಕರೆಯುವ ಪುಟ್ಟ ಬೆಕ್ಕುಮೀನು) ಒದ್ದಾಡುತ್ತದೆ. ಹೊಂದಾಣಿಕೆ ಅಂದರೆ ಇದನ್ನೂ ಸೇರಿಸಿ ನೋಡಬೇಕು.

ನಮ್ಮ ಮನೆಗೆ ಬರುವ ನೀರು ಅಷ್ಟು ಗಡಸಲ್ಲ. ಬ್ಲೀಚಿಂಗ್ ವಾಸನೆ ಹೋಗಲಿ ಅಂತ ಬಕೆಟ್ಟಿನಲ್ಲಿ ಒಂದು ದಿನ ತುಂಬಿಟ್ಟು, ಆಂಟಿ-ಕ್ಲೋರಿನ್ ಹನಿಯನ್ನೂ ಹಾಕಿ ಬಳಸುತ್ತೇನೆ. ಮಳೆಗಾಲದಲ್ಲಿ ಸೂರಿನ ನೀರನ್ನು ಸ್ವಲ್ಪ ಬೆರೆಸುವುದುಂಟು. ಹೆಂಚು ತೊಳೆದು ಬರುವ ಮೊದಮೊದಲ ಮಳೆಯ ನೀರು ಮಾತ್ರ ಬೇಡ. ಬರೀ ಮಳೆ ನೀರೂ ಬೇಡ. ಅದರಲ್ಲಿ ಲವಣವೇ ಇರುವುದಿಲ್ಲವಾದ್ದರಿಂದ ಪಿಎಚ್ (ಹುಳಿ-ಕ್ಷಾರದ ಅಳತೆ) ಒಂದೇ ಸಮ ನಿಲ್ಲುವುದಿಲ್ಲ.

ಟ್ಯಾಂಕು ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಸುಮಾರು 180 ಲೀಟರು. ಇದಕ್ಕೆ ನಾನು ಆರಿಸಿದ್ದು ಮೂರೇ ಜಾತಿ: ಝೀಬ್ರಾ ಡಾನಿಯೊ, ರೋಸಿ ಬಾರ್ಬ್, ಪೆಪ್ಪರ್ಡ್ ಕೋರಿ. ಡಾನಿಯೊ, ರೋಸಿ ಎರಡೂ ನಮ್ಮ ಉಪಖಂಡದ ಮೀನುಗಳು. ಕೋರಿ ದಕ್ಷಿಣ ಅಮೆರಿಕದ ತಂಪು ಭಾಗದ್ದು, ಅರ್ಜೆಂಟೀನಾ, ಉರುಗ್ವೆ ಕಡೆಯದು. ಹುಟ್ಟೂರು ಎಷ್ಟೇ ದೂರವಿದ್ದರೂ 20 ಡಿಗ್ರಿ ನೀರಿನಲ್ಲಿ ಮೂರೂ ಲವಲವಿಕೆಯಿಂದಿರುತ್ತವೆ.

ಊಟದ ಹೊತ್ತಿನಲ್ಲಿ ನೋಡಬೇಕು ಇವುಗಳ ಹೊಂದಾಣಿಕೆಯನ್ನು. ಚಿಟಿಕೆ ಫುಡ್ ಉದುರಿಸಿದರೆ ಡಾನಿಯೊಗಳು ನೀರಿನ ಮೇಲ್ಮೈಯಲ್ಲೇ ಗಬಗಬ ತಿನ್ನುತ್ತವೆ, ಕೆಳಗಿಳಿದದ್ದು ನಡುವೆ ಓಡಾಡುವ ಬಾರ್ಬ್‌ಗಳ ಪಾಲು. ಕೋರಿಗಳು ಮಾತ್ರ ಇವರಿಬ್ಬರ ವೇಗಕ್ಕೆ ಸಮ ಅಲ್ಲ. ಮೇಲಿನವರು ಬಿಟ್ಟದ್ದನ್ನು ತಿಂದುಕೊಳ್ಳುತ್ತವೆ ಅನ್ನುವವರಿದ್ದಾರೆ, ಆ ಮಾತನ್ನು ನಂಬಬೇಡಿ. ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆಯನ್ನು ಅವಕ್ಕಂತಲೇ ಹಾಕುತ್ತೇನೆ. ಕೋರಿಗಳು ಮರಳಿನಲ್ಲಿ ಮೂತಿಯನ್ನು ಕಣ್ಣಿನವರೆಗೂ ಹುದುಗಿಸಿ, ಕಿವಿರಿನಿಂದ ಮರಳು ಉಗುಳುತ್ತಾ ಮುಂದೆ ಹೋಗುತ್ತವೆ. ಅಂಗಡಿಯವರು ಕೊಡುವ ಚೂಪು ಬಣ್ಣದ ಕಲ್ಲು ಹಾಕಿದ್ದರೆ ಅವುಗಳ ಮೀಸೆ ಸವೆದು ಹೋಗುತ್ತಿತ್ತು. ನಾನು ಹಾಕಿದ್ದು ಜರಡಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದ ನುಣುಪು ಹೊಳೆ ಮರಳು. ಆಗೊಮ್ಮೆ ಈಗೊಮ್ಮೆ ಒಂದು ಕೋರಿ ಬಾಣದಂತೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಗಾಬರಿ ಬೇಡ, ಅದರ ಕರುಳಿಗೇ ಗಾಳಿ ಹೀರುವ ಶಕ್ತಿ ಇದೆ. ಎಲ್ಲವೂ ಮತ್ತೆ ಮತ್ತೆ ಮೇಲೆ ಹೋಗತೊಡಗಿದರೆ ಮಾತ್ರ ನೀರಿನಲ್ಲಿ ಏನೋ ಸರಿಯಿಲ್ಲ ಅಂತ.

ಎಷ್ಟೆಷ್ಟು ಬಿಡಬೇಕು ಅನ್ನುವುದರಲ್ಲೇ ಅರ್ಧ ಜಗಳ ಇರುವುದು. ಟೈಗರ್ ಬಾರ್ಬ್‌ಗೆ ‘ಕಚ್ಚುವ ಮೀನು’ ಅಂತ ಕೆಟ್ಟ ಹೆಸರು ಬಂದಿದೆ. ಎರಡೇ ಎರಡು ತಂದು ಏಂಜೆಲ್ ಜೊತೆ ಬಿಟ್ಟರೆ ಅದು ಕಚ್ಚದೆ ಇನ್ನೇನು ಮಾಡೀತು? ಅದು ಗುಂಪಿನ ಮೀನು. ಎಂಟು-ಹತ್ತು ಇದ್ದರೆ ಬಹುಪಾಲು ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ಇರುತ್ತವೆ. ಆಗಲೂ ಏಂಜೆಲ್, ಗೌರಾಮಿ, ಫೈಟರ್‌ನಂಥ ನಿಧಾನದ, ಜಾಲರಿ ರೆಕ್ಕೆಯ ಮೀನಿನ ಜೊತೆ ನಾನಂತೂ ಬಿಡುವುದಿಲ್ಲ. ರೋಸಿ ಬಾರ್ಬ್ ಅಷ್ಟು ತುಂಟನಲ್ಲ. ನನ್ನಲ್ಲಿ ಗಂಡಿಗಿಂತ ಹೆಣ್ಣು ಜಾಸ್ತಿ ಇವೆ, ಹಾಗಾಗಿ ಗಂಡುಗಳ ಕಾಟ ಒಂದೇ ಹೆಣ್ಣಿನ ಮೇಲೆ ಬೀಳುವುದಿಲ್ಲ. ಮೆತ್ತನೆ ಎಲೆಯ ಗಿಡವನ್ನು ಮಾತ್ರ ರೋಸಿ ಬಿಡುವುದಿಲ್ಲ, ತಿಂದು ಹಾಕುತ್ತದೆ. ಅದಕ್ಕೇ ಅನೂಬಿಯಸ್, ಜಾವಾ ಫರ್ನ್‌ನಂಥ ಗಟ್ಟಿ ಎಲೆಯವನ್ನು ಮರದ ತುಂಡಿಗೆ ದಾರದಲ್ಲಿ ಕಟ್ಟಿದ್ದೇನೆ.

ಪಕ್ಕದ ಮನೆ ಅಕ್ಕ ಒಮ್ಮೆ ಕೇಳಿದರು: ‘ನಮ್ಮ ಹುಡುಗ ಗೋಲ್ಡ್ ಫಿಶ್, ಶಾರ್ಕು, ಸಕ್ಕರು ಮೂರೂ ಬೇಕು ಅಂತಾನೆ. ಎಲ್ಲಾ ಬೆರಳುದ್ದ ಇದಾವಪ್ಪ, ಜಾಗ ಸಾಲಲ್ವಾ?’

‘ಅಕ್ಕ, ಈಗಿನ ಉದ್ದ ನೋಡಬೇಡಿ, ಮುಂದೆ ಎಷ್ಟಾಗುತ್ತೆ ಅಂತ ಕೇಳಿ’ ಅಂದೆ. ಬೆಳ್ಳಿ ಬಣ್ಣದ ಆ ಪುಟ್ಟ ‘ಶಾರ್ಕ್’ ಶಾರ್ಕ್ ಅಲ್ಲವೇ ಅಲ್ಲ, ಪಂಗಾಸಿಯಸ್ ಜಾತಿಯ ಬೆಕ್ಕುಮೀನು. ದೊಡ್ಡ ಹೊಳೆಯಲ್ಲಿ ಒಂದು ಮೀಟರ್ ಮೀರಿ ಬೆಳೆಯುತ್ತದೆ. ಗಾಜು ನೆಕ್ಕುತ್ತೆ ಅಂತ ಕೊಡುವ ಸಕ್ಕರ್ ಒಂದಡಿ ದಾಟುತ್ತದೆ, ಪಾಚಿ ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಗೋಲ್ಡ್ ಫಿಶ್ಶಿಗೆ ನಮ್ಮೂರ ತಂಪು ಹೇಳಿಮಾಡಿಸಿದ್ದೇ, ಆದರೆ ಅದು ಮಾಡುವ ಗಲೀಜಿಗೆ ದೊಡ್ಡ ಟ್ಯಾಂಕು, ಬಲವಾದ ಫಿಲ್ಟರ್ ಬೇಕು. ಅದನ್ನು ಅದರದೇ ಜಾತಿಯ ಜೊತೆ ಇಡುವುದು ಲೇಸು. ‘ದೊಡ್ಡದಾದರೆ ಕೆರೆಗೆ ಬಿಟ್ಟರಾಯ್ತು’ ಅಂದರು ಅಕ್ಕ. ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಬೇಡ ಅಂದೆ. ಸಕ್ಕರ್ ಮೀನು ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಬೇರೂರಿದೆ. ದಡದಲ್ಲಿ ಬಿಲ ತೋಡಿ, ಊರ ಮೀನಿನ ಜಾಗ ಹಿಡಿಯುತ್ತದೆ. ಹಿರೇಕೊಳಲೆ ಕೆರೆಗೋ ಯಗಚಿ ಹೊಳೆಗೋ ಅದನ್ನು ಬಿಟ್ಟರೆ ವಾಪಸ್ ಹಿಡಿದು ತರುವವರು ಯಾರೂ ಇಲ್ಲ.

ಹಾಗಂತ ನಮ್ಮ ಹೊಳೆಯ ಮೀನನ್ನು ಟ್ಯಾಂಕಿಗೆ ತರುವುದೂ ಸರಿಯಲ್ಲ. ಪಶ್ಚಿಮಘಟ್ಟದ ಝೀಬ್ರಾ ಲೋಚ್, ಅಂಗಡಿಯಲ್ಲಿ ‘ಮಿಸ್ ಕೇರಳ’ ಅಂತ ಮಾರುವ ಡೆನಿಸನ್ ಬಾರ್ಬ್ ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ನೋಡಲು ಎಷ್ಟು ಚೆಂದವಿದ್ದರೂ, ಫಾರ್ಮಿನಲ್ಲಿ ಮರಿ ಮಾಡಿಸಿದ್ದು ಅಂತ ಖಾತ್ರಿಯಾಗದೆ ನಾನು ಅವನ್ನು ಕೊಳ್ಳುವುದಿಲ್ಲ. ಅಲ್ಲದೆ ಡೆನಿಸನ್ನಿನ ಓಟಕ್ಕೆ ಮೂರಡಿ ಸಾಲದು.

ಬಿಡುವ ಕ್ರಮವೂ ಮುಖ್ಯ. ಮೀನಿಲ್ಲದ ಟ್ಯಾಂಕಿಗೆ ಫಿಲ್ಟರ್ ಹಾಕಿ, ಚೂರುಪಾರು ಫುಡ್ ಉದುರಿಸುತ್ತಾ, ಅದು ಕೊಳೆತು ಹುಟ್ಟುವ ವಿಷಗಳಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾದೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ; ಚಳಿಗಾಲದಲ್ಲಿ ಈ ವಿಷ ಕಳೆಯುವ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ, ಇನ್ನೂ ಹೆಚ್ಚು ಹಿಡಿಯುತ್ತದೆ. ಮೊದಲು ಡಾನಿಯೊ, ಆಮೇಲೆ ಕೋರಿ, ಕಡೆಗೆ ರೋಸಿ. ಜೋರಿನವರು ಕೊನೆಗೆ ಬಂದರೆ ಜಾಗ ತಮ್ಮದು ಅನ್ನುವ ಹಟ ಕಡಿಮೆ. ಪ್ರತಿ ತಂಡವನ್ನೂ ಮೊದಲು ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು-ಮೂರು ವಾರ ಬೇರೆ ಇಟ್ಟು, ಬಿಳಿ ಚುಕ್ಕೆ ರೋಗ ಇಲ್ಲ ಅಂತ ನೋಡಿಕೊಂಡೇ ಒಳಗೆ ಬಿಟ್ಟದ್ದು.

ನನ್ನ ಪಟ್ಟಿಯನ್ನೇ ನೀವೂ ಹಿಡಿಯಬೇಕಿಲ್ಲ. ಗಡಸು ಬೋರ್‌ವೆಲ್ ನೀರು, ಎರಡಡಿ ಟ್ಯಾಂಕು ಇದ್ದರೆ ಪ್ಲಾಟಿಗಳನ್ನಷ್ಟೇ ಇಡಿ. ಅವು ಗಪ್ಪಿಗಿಂತ ಚಳಿಗೆ ಗಟ್ಟಿ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇರಲಿ. ಮರಿಗಳು ಬೇಗ ಜಾಸ್ತಿಯಾಗುತ್ತವೆ, ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಟ್ಟುಕೊಳ್ಳಿ.